ತೆರೆದ ಗೂಡುಗಳು

ಬೆಳಗಿನ ಜಾವ ಫಾರಂನ ಕೆಲಸದಾಕೆ ವರ್ಲಾ ಮಾಂಸದ ಮೇವಿನ ಗಾಡಿ ತಳ್ಳಿಕೊಂಡು ಶೆಡ್ಡಿಗೆ ಬಂದಾಗ ನೆಲವೇ ಹರಿದಾಡುತ್ತಿತ್ತು. ಗೂಡುಗಳ ಬಾಗಿಲೆಲ್ಲ ತೆರೆದಿದ್ದವು. ತುಪ್ಪಳಕ್ಕೆಂದು ಸಾಕಿದ ಮಿಂಕ್‌ಗಳು, ಒಂಟಿ ಗೂಡಿನಲ್ಲೇ ಬೆಳೆದ ಮುಂಗುಸಿಯಂಥ ಪ್ರಾಣಿಗಳು, ಎದುರು ಸಿಕ್ಕಿದ್ದರ ಕತ್ತು ಸೀಳುತ್ತಿದ್ದವು. ಗೂಡಿಗೆ ತಗುಲಿಸಿದ್ದ ತಳಿಯ ಚೀಟಿಗಳನ್ನು ಯಾರೋ ಹರಿದು ಕೆಸರಿಗೆಸೆದಿದ್ದರು. ಯಾವುದು ಯಾವುದರ ಮರಿಯೆಂದು ಇನ್ನು ದೇವರೇ ಹೇಳಬೇಕು. ಮಾಲೀಕ ಲಮಾರನ ತಂದೆ ನಲವತ್ತು ವರ್ಷ ಕೂಡಿಸಿದ ತಳಿ ಅದು.

ಬೇಲಿಯ ಬುಡದಲ್ಲಿ ಲಮಾರ್ ಹುಡುಗಿಯೊಬ್ಬಳನ್ನು ಮೂಲೆಗೆ ಒತ್ತಿ ಸಲಿಕೆ ಎತ್ತಿದ್ದ. ಪ್ರಾಣಿಗಳನ್ನು ಬಿಡಿಸಲೆಂದು ರಾತ್ರಿ ಅವಳೊಂದಿಗೆ ಬೇಲಿ ಹತ್ತಿ ಬಂದ ಜೊತೆಗಾರರು ಓಡಿಹೋಗಿದ್ದರು. ಗಾಯಗೊಂಡ ಒಂದು ಮಿಂಕ್‌ಗೆ ತನ್ನ ಕೊರಳ ಬಟ್ಟೆ ಸುತ್ತಲು ನಿಂತವಳು ಇವಳೊಬ್ಬಳೇ. ಅದು ಅವಳ ಹೆಬ್ಬೆರಳಿಗೇ ಹಲ್ಲಿಳಿಸಿ ಜೋತುಬಿದ್ದಿತ್ತು.

ಸಲಿಕೆ ಇಳಿಯಿತು. ಹುಡುಗಿಯ ಮುಂಗೈ ಒಣ ಕಟ್ಟಿಗೆಯಂತೆ ಮುರಿಯಿತು.

ವರ್ಲಾ ಗಾಡಿ ಬಿಟ್ಟು ಓಡಿ ಅವಳ ಮೇಲೆ ಬಾಗಿ ಕೂತಳು.

"ಸಾಕು ಲಮಾರ್. ಇವಳಿಗೆ ಜೈಲು ಹೇಗೂ ಇದೆ. ನಿನಗೂ ಬೇಕಾ?"

"ಪಕ್ಕಕ್ಕೆ ಬನ್ನಿ, ಅಕ್ಕ. ನೀವು ತಿಂದ ಕೂಳೂ ಇದೇ ಗೂಡಿಂದ ಬಂದಿದ್ದು."

ಎರಡನೆಯ ಏಟು ವರ್ಲಾಳ ಹೆಗಲಿಗೆ ಬಿತ್ತು. ಅದನ್ನು ಕಂಡು ಲಮಾರನ ಕೈಯಿಂದ ಸಲಿಕೆ ತಾನಾಗಿ ಜಾರಿತು. ವರ್ಲಾ ಏಟು ಬೀಳದ ಕೈಯಿಂದ, ಹುಡುಗಿಯ ಬೆರಳಿಗೆ ಜೋತಿದ್ದ ಮಿಂಕನ್ನು ಪಕ್ಕದಲ್ಲಿದ್ದ ನೀರಿನ ಬಕೆಟ್ಟಿಗೆ ಅದ್ದಿದಳು. ಹಾಗೆ ಮಾಡಿದರೆ ಮಾತ್ರ ಅದರ ದವಡೆ ಬಿಡುತ್ತದೆ.

ಸುದ್ದಿ ತಿಳಿದು ಅಲ್ಲಿನ ಪೊಲೀಸ್ ಮುಖ್ಯಸ್ಥ ಶೆರಿಫನ ಸಹಾಯಕ ಬಂದ. ಪ್ರಾಣಿಗಳ ಫಾರಂ ಒಡೆದರೆ ಐಡಹೋ ರಾಜ್ಯದಲ್ಲಿ ಜೈಲೂ ಉಂಟು, ನಷ್ಟವನ್ನೂ ಕಟ್ಟಬೇಕು ಎಂದು ಹುಡುಗಿಗೆ ತಿಳಿಸಿದ. ಅವಳು ಬಿಳಿಚಿಕೊಂಡು ತಲೆಯಾಡಿಸಿದಳು. ಕೈ ಹೇಗೆ ಮುರಿಯಿತೆಂದು ಕೇಳಿದ.

"ಬೇಲಿ ಹತ್ತುವಾಗ ಬಿದ್ಲು," ಎಂದ ಲಮಾರ್, ವರ್ಲಾಳ ಮುಖವನ್ನೇ ನೋಡುತ್ತಾ. ವರ್ಲಾ ಇದ್ದದ್ದು ಅವನ ಹಿತ್ತಲ ಮನೆಯಲ್ಲಿ, ಹತ್ತೊಂಬತ್ತು ವರ್ಷದಿಂದ.

"ಬಾಗಿಲು ತೆಗೆದಿದ್ದು ಇವಳು, ಕೈ ಮುರಿದಿದ್ದು ಇವನು," ಎಂದಳು ವರ್ಲಾ. "ಎರಡನ್ನೂ ಬರ್ಕೊಳ್ಳಪ್ಪ."

ಆತ ಎರಡನ್ನೂ ಬರೆದುಕೊಂಡ. ಹುಡುಗಿಯ ಕೈಗೆ ಪಟ್ಟಿ ಕಟ್ಟಿ, ತನ್ನ ಕೋಟು ಹೊದಿಸಿ ಕಾರಿನಲ್ಲಿ ಕೂರಿಸಿದ. ಪ್ರಾಣಿಗಳು ಹಸಿದಿವೆ, ಮೇವು ಹಾಕಿ ಬಾ, ಆಮೇಲೆ ಠಾಣೆಗೆ ಹೊರಡೋಣ ಎಂದು ಲಮಾರನಿಗೆ ಹೇಳಿದ.

ವರ್ಲಾ ಗಾಡಿ ತಳ್ಳಿದಳು. ಚಕ್ರದ ಕಿರುಗುಟ್ಟುವಿಕೆ ಕೇಳಿ, ಮೂತಿಗೆ ರಕ್ತ ಮೆತ್ತಿಕೊಂಡ ಮಿಂಕ್‌ಗಳು ಒಂದೊಂದಾಗಿ ಗೂಡುಗಳತ್ತ ಬರತೊಡಗಿದವು. ಒಂದೇ ಕೈಯಲ್ಲಿ ಗಾಡಿ ನೆಟ್ಟಗೆ ಹೋಗಲಿಲ್ಲ. ಲಮಾರ್ ಬಂದು ಇನ್ನೊಂದು ಹಿಡಿಕೆ ಹಿಡಿದ.

"ನಾಳೆಯಿಂದ ಬರಬೇಡಿ, ಅಕ್ಕ."

"ಗೊತ್ತು," ಎಂದಳು ವರ್ಲಾ. "ಇವತ್ತಿಂದು ಮುಗಿಸೋಣ."