ಎರಡೂ ಒಂದೇ ಎಂದ ಮೂಗಿನ ಮೇಷ್ಟ್ರು

ಅವರು ನಡೆದು ಬರುವಾಗ ಮೊದಲು ಮೂಗು ಬರುತ್ತಿತ್ತು, ಅದರ ಹಿಂದೆ ಕಂದು ಬಣ್ಣದ ಹಳೆಯ ಕೋಟು, ಆ ಕೋಟಿನೊಳಗೆ ಎಲ್ಲೋ ಅವರು. ಕತ್ತನ್ನು ಮುಂದೆ ಚಾಚಿ, ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ಗಾಳಿಯನ್ನೇ ಏನೋ ವಿಚಾರಿಸುತ್ತಿರುವವರಂತೆ ಹೆಜ್ಜೆಯಿಡುತ್ತಿದ್ದ ಈ ಕೃಶಕಾಯರನ್ನು ವೈನ್ ಅಂಗಡಿಯವರೆಲ್ಲ ಮೂಗಿನ ಮೇಷ್ಟ್ರು ಎಂದು ಕರೆಯುತ್ತಿದ್ದರು. ಎದುರಿಗೇ ಕರೆದರೂ ಅವರಿಗೆ ಬೇಸರವಿರಲಿಲ್ಲ. ಒಳಗೊಳಗೇ ಹಿಗ್ಗು ಕೂಡ ಇತ್ತು. ಮೂವತ್ತೊಂದು ವರ್ಷಗಳ ಕಾಲ ಆ ಅಂಗಡಿ ಯಾವ ವೈನನ್ನು ಕೊಳ್ಳಬೇಕು, ಯಾವುದನ್ನು ಹೊಸ್ತಿಲಿನಿಂದಲೇ ಹಿಂದಕ್ಕೆ ಅಟ್ಟಬೇಕು ಎಂದು ನಿರ್ಣಯಿಸಿದ್ದು ಆ ಮೂಗೇ.

ಪೆಟ್ಟಿಗೆ ಇಳಿಸುವ ಕೆಲಸಕ್ಕೆ ಸೇರಿ, ಒಡೆದ ಬಾಟಲಿಯ ವಾಸನೆಯಿಂದಲೇ ಅದು ಯಾವ ಪೆಟ್ಟಿಗೆಯದೆಂದು ಹೇಳಿ ಯಜಮಾನರ ಕಣ್ಣಿಗೆ ಬಿದ್ದವರು ಅವರು. ಮುಂದೆ ಅವರ ಶಿಸ್ತು ಅಂಗಡಿಯ ಕಾನೂನಾಯಿತು. ರುಚಿ ನೋಡುವ ಕೋಣೆಗೆ ಅತ್ತರು ಹಾಕಿಕೊಂಡು ಬರುವಂತಿಲ್ಲ, ಹೂವು ತರುವಂತಿಲ್ಲ. ಒಮ್ಮೆ ಕಾಯಂ ಗಿರಾಕಿಯಾದ ದಂತವೈದ್ಯರು ಕೈಯಲ್ಲಿ ಲವಂಗದೆಣ್ಣೆಯ ವಾಸನೆ ಹೊತ್ತು ಬಂದಾಗ ಅವರನ್ನು ಮೂರು ಸಲ ಕೈ ತೊಳೆಯಲು ಕಳಿಸಿ, ನಾಲ್ಕನೆಯ ಸಲ ಮನೆಗೇ ಕಳಿಸಿಬಿಟ್ಟರು. "ತಾಳಿ, ತಾಳಿ" ಎಂಬುದು ಅವರ ಬಾಯಿಪಾಠ. ಯಾರಾದರೂ ಅಭಿಪ್ರಾಯ ಹೇಳಲು ತುಟಿ ಬಿಚ್ಚಿದರೆ ಸಾಕು, "ತಾಳಿ, ತಾಳಿ, ವೈನ್ ಇನ್ನೂ ಮಾತಾಡ್ತಾ ಇದೆ" ಎನ್ನುತ್ತಿದ್ದರು. ಆ ಕೋಣೆಯಲ್ಲಿ ಮೊದಲ ಮಾತು ಅವರದು, ಕೊನೆಯ ಮಾತೂ ಅವರದೇ.

ತಮ್ಮನ ಮಗಳನ್ನು ಈ ಕಸುಬಿಗೆ ಎಳೆದುಕೊಂಡು ಬಂದವರೂ ಅವರೇ. ಒಂಬತ್ತು ವರ್ಷ ಆಕೆಯ ಕಣ್ಣು ಕಟ್ಟಿ, ಮೂಗಿನ ಕೆಳಗೆ ನಿಂಬೆಸಿಪ್ಪೆ, ಹಳೆಯ ತೊಗಲು, ಒದ್ದೆ ಮಣ್ಣು, ಹುರಿದ ಕಾಫಿಬೀಜಗಳನ್ನು ಹಿಡಿದು ಪಾಠ ಹೇಳಿದ್ದರು. ಆಕೆ ಅಂಗಡಿಯಲ್ಲಿ ಅವರನ್ನು ಸಾರ್ ಎನ್ನುತ್ತಿದ್ದಳು, ಮನೆಯಲ್ಲಿ ದೊಡ್ಡಪ್ಪ ಎನ್ನುತ್ತಿದ್ದಳು.

ಹೀಗಿರುವಾಗ ಚಳಿಗಾಲದಲ್ಲಿ ಅವರಿಗೆ ಒಂದು ವಾರ ಜ್ವರ ಬಂತು. ಜ್ವರ ಹೋಯಿತು, ಹೋಗುವಾಗ ವಾಸನೆಯನ್ನೂ ಕೊಂಡೊಯ್ದಿತು. ಮೊದಲ ದಿನ ಕಾಫಿ ಬರಿಯ ಬಿಸಿನೀರಾಗಿ ಗಂಟಲಿಗಿಳಿದಾಗ ನಾಳೆ ಸರಿಹೋದೀತು ಎಂದುಕೊಂಡರು. ಅದರ ಮರುವಾರ ಅಡುಗೆಮನೆಯಲ್ಲೇ ಪತ್ರಿಕೆ ಓದುತ್ತ ಕುಳಿತಿದ್ದವರ ಎದುರಿಗೇ ಒಲೆಯ ಮೇಲೆ ಹಾಲು ಸೀದು ಕರಕಾಯಿತು. ಹೆಂಡತಿ ಓಡಿಬಂದು, "ಮನೆಯೆಲ್ಲ ಸೀದ ವಾಸನೆ, ನಿಮಗೆ ಗೊತ್ತೇ ಆಗ್ಲಿಲ್ವಾ?" ಎಂದು ಕೇಳಿದರು. "ಗೊತ್ತಾಯ್ತು, ನೀನು ಬರ್ತೀಯ ಅಂದ್ಕೊಂಡೆ" ಎಂದರು ಮೇಷ್ಟ್ರು. ಸುಳ್ಳು ಹೇಳಿದ ಸಂಕಟಕ್ಕಿಂತ, ಸೋಮಾರಿ ಎನಿಸಿಕೊಂಡದ್ದೇ ಮೇಲಾಯಿತೆಂಬ ಸಮಾಧಾನ ಆ ಗಳಿಗೆಯಲ್ಲಿ ದೊಡ್ಡದಾಗಿತ್ತು. ನಾಚಿಕೆ ಹುಟ್ಟಿದ್ದು ಆಮೇಲೆ, ಆಕೆ ಕರಕಾದ ಪಾತ್ರೆ ಉಜ್ಜುತ್ತ ಕುಳಿತಾಗ.

ಅಂಗಡಿಯಲ್ಲಿ ಹೇಗೋ ದಿನ ನೂಕಿದರು. ಬಣ್ಣ ನೋಡಲು ಕಣ್ಣಿತ್ತು, ಹುಳಿ ಒಗರು ತಿಳಿಯಲು ನಾಲಿಗೆಯಿತ್ತು, ಉಳಿದದ್ದಕ್ಕೆ ತಮ್ಮನ ಮಗಳಿದ್ದಳು. "ನೀನು ಮೊದಲು ಹೇಳಮ್ಮ" ಎಂದು ಔದಾರ್ಯದ ದನಿಯಲ್ಲಿ ಆಕೆಯತ್ತ ತಿರುಗುತ್ತಿದ್ದರು. ಆಕೆ ಹೇಳಿದ್ದನ್ನೇ ಎರಡು ಸಂಸ್ಕೃತ ಶಬ್ದ ಸೇರಿಸಿ ತಿರುಗಿಸಿ ಹೇಳಿದರೆ ತೀರ್ಪು ಸಿದ್ಧ. ಮೇಷ್ಟ್ರು ವಯಸ್ಸಿಗೆ ತಕ್ಕಂತೆ ಮೆತ್ತಗಾಗಿದ್ದಾರೆ ಎಂದು ಎಲ್ಲರೂ ಮೆಚ್ಚಿಕೊಂಡರು. ಎಂಟು ತಿಂಗಳು ಹೀಗೇ ಸಾಗಿತು.

ಕಾಯಂ ಗಿರಾಕಿಗಳು ರುಚಿ ನೋಡಲು ಸೇರಿದ್ದ ಆ ಶನಿವಾರ ಬೆಳಿಗ್ಗೆ ಹತ್ತಕ್ಕೆ ಮೇಜಿನ ಮೇಲಿದ್ದದ್ದು ಫ್ರಾನ್ಸಿನ ಒಂದು ಎಳೆಯ ಕೆಂಪು ವೈನ್. ಹಿಂದಿನ ಸುಗ್ಗಿಯ ದ್ರಾಕ್ಷಿಯದು. ಅದನ್ನು ಕೊಳ್ಳಬೇಕೆಂದು ಆರಿಸಿದ್ದವಳು ತಮ್ಮನ ಮಗಳು. ಆ ದಿನದ ಆಯ್ಕೆ ನಿಂತರೆ ಖರೀದಿಯ ಕುರ್ಚಿ ಆಕೆಯದೇ ಎಂದು ಯಜಮಾನರು ಮೊದಲೇ ಹೇಳಿದ್ದರು. ಪದ್ಧತಿಯಂತೆ ಎರಡು ಬಾಟಲಿ ತೆರೆದು, ಒಂದನ್ನು ಕಿಟಕಿಯ ಕಡೆ ಕುಳಿತವರಿಗೆ, ಇನ್ನೊಂದನ್ನು ಬಾಗಿಲ ಕಡೆಯವರಿಗೆ ಬಗ್ಗಿಸಲಾಯಿತು.

"ಆಹಾ! ಈಗಷ್ಟೇ ಕಿತ್ತ ಹಣ್ಣು ಬಾಯಲ್ಲೇ ಒಡೆದ ಹಾಗಿದೆ" ಎಂದರು ಕಿಟಕಿಯ ಬಳಿಯ ಹೋಟೆಲಿನೊಡತಿ.

"ಹುಳಿ ಸ್ವಲ್ಪ ಮುಂದಿದೆ. ಎಳೇ ಪ್ರಾಯ ಅಲ್ವಾ, ಹಾರಾಡ್ಲಿ ಬಿಡಿ" ಎಂದ ಅವರ ಪಕ್ಕದ ದರ್ಜಿ.

ಬಾಗಿಲ ಕಡೆಯಿಂದ ದಂತವೈದ್ಯರು ಮುಖ ಕಿವಿಚಿದರು. "ಯಾವ ಹಣ್ಣು ತಾಯಿ? ನನಗೆ ಒದ್ದೆ ರಟ್ಟು ಬಿಟ್ರೆ ಏನೂ ಸಿಗ್ತಿಲ್ಲ."

"ಮಳೆಗಾಲದಲ್ಲಿ ನಮ್ಮ ಪಾರ್ಸೆಲ್ ಕೋಣೆ ಥೇಟ್ ಹೀಗೇ ನಾರ್ತಿತ್ತು" ಎಂದರು ನಿವೃತ್ತ ಪೋಸ್ಟ್ ಮಾಸ್ಟರು, ಸಾಕ್ಷಿ ನುಡಿಯುವವರ ಗಾಂಭೀರ್ಯದಲ್ಲಿ.

ಹೋಟೆಲಿನೊಡತಿ ದಂತವೈದ್ಯರ ನಾಲಿಗೆಯನ್ನು ಅನುಮಾನಿಸಿದರು, ದಂತವೈದ್ಯರು ಆಕೆಯ ಹೋಟೆಲನ್ನೇ ಅನುಮಾನಿಸಿದರು. ಅಷ್ಟರಲ್ಲಿ ತಮ್ಮನ ಮಗಳು ಎರಡೂ ಕಡೆಯ ಗ್ಲಾಸುಗಳನ್ನು ಮೂಸಿ ನೋಡಿ ಎದ್ದು ನಿಂತಳು. "ಸಾರ್, ಇವರಿಬ್ರೂ ಹೇಳ್ತಿರೋದು ಸರಿ, ಅವರಿಬ್ರೂ ಹೇಳ್ತಿರೋದೂ ಸರಿ. ಬಾಗಿಲ ಕಡೆ ಬಾಟಲಿ ಬಿರಡೆಯಿಂದ ಕೆಟ್ಟಿದೆ. ಇನ್ನೊಂದು ತೆಗೀಲಾ?"

ಬೂಷ್ಟು ಹಿಡಿದ ಬಿರಡೆಯಿಂದ ನೂರಕ್ಕೊಂದೆರಡು ಬಾಟಲಿ ಹೀಗೆ ಹಾಳಾಗುವುದುಂಟು. ಅದನ್ನು ಪಕ್ಕಕ್ಕಿಟ್ಟು ಬೇರೆಯದನ್ನು ತೆರೆಯುವುದು ಈ ಕಸುಬಿನ ಮೊದಲ ಪಾಠ. ಆದರೆ ಮೇಷ್ಟ್ರ ಒಪ್ಪಿಗೆಯಿಲ್ಲದೆ ಆ ಕೋಣೆಯಲ್ಲಿ ಬಾಟಲಿ ತೆರೆಯುವಂತಿರಲಿಲ್ಲ. ಎಲ್ಲರ ದೃಷ್ಟಿ ಅವರತ್ತ ಹೊರಳಿತು. ಅವರು ಒಂದು ಗ್ಲಾಸನ್ನು ಮೂಗಿಗೆ ಹಿಡಿದರು, ಏನೂ ಇಲ್ಲ. ಇನ್ನೊಂದನ್ನು ಹಿಡಿದರು, ಅಲ್ಲಿಯೂ ಏನೂ ಇಲ್ಲ. ನಾಲಿಗೆಗೂ ಎರಡರದೂ ಅದೇ ಹುಳಿ, ಅದೇ ಒಗರು. ಹೌದು ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಬಾಟಲಿ ನಿಜವಾಗಿ ಚೆನ್ನಾಗಿದ್ದು, ಇವರಿಗೆ ಅಷ್ಟೂ ತಿಳಿಯಲಿಲ್ಲವೇ ಎಂದು ಯಾರಾದರೂ ಕೇಳಿದರೆ? ಹೆದರಿದವರ ಬುದ್ಧಿ ಓಡುವುದೇ ಹಾಗೆ.

"ಎರಡೂ ಒಂದೇ" ಎಂದರು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸದೆ, ನಗುತ್ತ, "ನಿನಗೆಲ್ಲೋ ಶೀತ ಆಗಿರ್ಬೇಕು ಮಗಳೇ" ಎಂದು ಸೇರಿಸಿದರು.

ಎಲ್ಲರೂ ನಕ್ಕರು. ಬಾಟಲಿಗಳು ಒಂದೇ ಆಗಿಯೂ ಅರ್ಧ ಜನಕ್ಕೆ ಒದ್ದೆ ರಟ್ಟು ನಾರಿದರೆ ವೈನೇ ನಂಬಿಕೆಗೆ ಯೋಗ್ಯವಲ್ಲ ಎಂದು ಯಜಮಾನರು ಅದನ್ನು ಪಟ್ಟಿಯಿಂದ ಹೊಡೆದುಹಾಕಿದರು. ಕುರ್ಚಿಯ ಮಾತು ಬಂದಾಗ, "ಇನ್ನೊಂದೆರಡು ವರ್ಷ ಹೋಗ್ಲಿ" ಎಂದರು. ಆಕೆ ಖಾಲಿ ಗ್ಲಾಸುಗಳ ತಟ್ಟೆಯನ್ನೆತ್ತಿಕೊಂಡು ಒಳಗೆ ಹೋದಳು.

ಸಮಾಧಾನದ ಮಾತು ಹೇಳೋಣವೆಂದು ಮೇಷ್ಟ್ರು ಹಿಂದೆಯೇ ಹೋದರು. ತೊಳೆಯುವ ಕೋಣೆಯ ಬಾಗಿಲಲ್ಲಿ ಅವರ ಕಾಲು ನಿಂತಿತು. ಆಕೆ ಅಳುತ್ತಿರಲಿಲ್ಲ. ಸೋಪನ್ನು ಮೂಸಿ ಕೆಳಗಿಟ್ಟಳು. ಕಾಫಿಪುಡಿಯ ಡಬ್ಬಿ ತೆರೆದು ಮೂಸಿದಳು. ತನ್ನ ತೋಳನ್ನು ಮೂಸಿದಳು. ಕೊನೆಗೆ ತಟ್ಟೆಯಲ್ಲಿದ್ದ ಬಾಗಿಲ ಕಡೆಯ ಬಾಟಲಿಯ ಬಿರಡೆಯನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿ ನಿಂತಳು.

"ದೊಡ್ಡಪ್ಪ, ನನಗೆ ನಿಜವಾಗ್ಲೂ ಏನಾದ್ರೂ ಆಗಿದೆಯಾ? ಇದ್ರಲ್ಲಿ ಇನ್ನೂ ಬೂಷ್ಟಿನ ವಾಸನೆ ಬರ್ತಿದೆ."

ತಮ್ಮ ಮಾತನ್ನು ಆಕೆ ನಂಬಿಬಿಟ್ಟಿದ್ದಳು. ಸಿಟ್ಟು ಮಾಡಿಕೊಂಡಿದ್ದರೆ ಅವರು ತಡೆದುಕೊಳ್ಳುತ್ತಿದ್ದರು. ಈ ನಂಬಿಕೆಯೆದುರು ಮೈಯೆಲ್ಲ ಹಿಡಿಯಷ್ಟಾಯಿತು.

"ನಿನ್ನ ಮೂಗಿಗೆ ಏನೂ ಆಗಿಲ್ಲಮ್ಮ. ಹೋಗಿರೋದು ನಂದು."

"ಯಾವಾಗಿಂದ?"

"ಜ್ವರ ಬಂದಿತ್ತಲ್ಲ, ಅವಾಗಿಂದ."

ಆಕೆ ಬಿರಡೆಯನ್ನು ಕೆಳಗಿಟ್ಟಳು. "ದೊಡ್ಡಪ್ಪ ಈಗ ಮೊದಲು ನನ್ನನ್ನೇ ಕೇಳ್ತಾರೆ ಅಂತ ಅಮ್ಮನ ಹತ್ರ ಎಷ್ಟು ಹೇಳ್ಕೊಂಡಿದ್ದೆ" ಎಂದಳು. ನಲ್ಲಿ ತಿರುಗಿಸಿ ಗ್ಲಾಸು ತೊಳೆಯತೊಡಗಿದಳು.

ಗಿರಾಕಿಗಳಿನ್ನೂ ಹೊರಟಿರಲಿಲ್ಲ. ಮೇಷ್ಟ್ರು ಹೊರಗೆ ಬಂದು, ಮೇಜಿನ ಅಂಚು ಹಿಡಿದು ನಿಂತು, ಎಂಟು ತಿಂಗಳ ವಿಷಯವನ್ನೂ ಆ ಬೆಳಗಿನ ಮಾತನ್ನೂ ಬಿಚ್ಚಿ ಹೇಳಿದರು. ಶೀತದ ಮಾತನ್ನು ಎರಡು ಸಲ ಹೇಳಿದರು, ಯಾರಿಗಾದರೂ ಕೇಳದೆ ಹೋದೀತೆಂದು. ಯಜಮಾನರು ಮೂರನೆಯ ಬಾಟಲಿ ತರಿಸಿ ಎಲ್ಲರಿಗೂ ಅದರಿಂದಲೇ ಬಗ್ಗಿಸಿದರು. ಆಗಲೂ ಒಬ್ಬರಿಗೆ ಹುಳಿ ಹೆಚ್ಚಾಯಿತು, ಒಬ್ಬರಿಗೆ ಸಾಲದಾಯಿತು, ಪೋಸ್ಟ್ ಮಾಸ್ಟರಿಗೆ ನಿದ್ದೆ ಬರುವಂತಾಯಿತು. ಆದರೆ ಅದು ನಾಲಿಗೆ ನಾಲಿಗೆಗಳ ನಡುವಿನ ಪ್ರಾಮಾಣಿಕ ಜಗಳವಾಗಿತ್ತು. ವೈನ್ ಪಟ್ಟಿಗೆ ಮರಳಿತು, ಆಕೆ ಖರೀದಿಯ ಕುರ್ಚಿಯಲ್ಲಿ ಕುಳಿತಳು. ಕುಳಿತಾಗ ದೊಡ್ಡಪ್ಪನ ಕಡೆ ನೋಡಲಿಲ್ಲ, ಅದಾದ ಮೇಲೆ ಬಹಳ ದಿನವೂ ನೋಡಲಿಲ್ಲ.

ಒಂದೇ ವಿದ್ಯೆಯನ್ನು ನೆಚ್ಚಿ ಬದುಕು ಕಟ್ಟಿಕೊಂಡ ಇಂಥವರು ಎಲ್ಲ ಕಸುಬಿನಲ್ಲೂ ಇದ್ದಾರೆ: ದೃಷ್ಟಿ ಮಂಜಾದ ಅಕ್ಕಸಾಲಿ, ಕಿವಿ ಮಂದವಾದ ಸಂಗೀತದ ಗುರು, ಕೈ ನಡುಗುವ ವೈದ್ಯ. ಅವರ್ಯಾರೂ ಮೋಸಗಾರರಲ್ಲ, ನಾಳೆ ಹೇಳೋಣ ಎಂದುಕೊಂಡವರು, ಅಷ್ಟೇ. ಆ ನಾಳೆಗಳ ಭಾರ ಎಂದಾದರೊಂದು ದಿನ ಯಾರ ತಲೆಯ ಮೇಲಾದರೂ ಕಳಚಿ ಬೀಳಲೇಬೇಕು. ಬೀಳುವುದು ಅವರನ್ನು ಎಲ್ಲರಿಗಿಂತ ಹೆಚ್ಚು ನಂಬಿದವರ ಮೇಲೆಯೇ, ಏಕೆಂದರೆ ನಂಬದವರು ಅಷ್ಟು ಹತ್ತಿರ ನಿಂತಿರುವುದಿಲ್ಲ.