ಹನ್ನೊಂದು ಓಟು

“ಮುನ್ನೂರಾ ಹನ್ನೆರಡು ಓಟಿನಾಗೆ ನನ್ನ ತಮ್ಮಂಗೆ ಬಿದ್ದಿದ್ದು ಬರೇ ಹನ್ನೊಂದು! ಆ ಹನ್ನೊಂದರಾಗೆ ನೀವ್ಯಾರ್ಯಾರ್ರೇ? ಇದ್ದೋರು ಈ ಕಡೆ ಬರ್ರಿ. ಉಳಿದ ಲೌಡೇರು ಗೇಟಿನಿಂದ ಆಚೆಗೆ ನಡೀರಿ!”

ಚಳ್ಳಕೆರೆಯ ತನ್ನ ಶೇಂಗಾ ಮಿಲ್ಲಿನ ಗೇಟಿನಲ್ಲಿ ನಿಂತು ಮಲ್ಲಿಕಾರ್ಜುನಪ್ಪ ಮೊಬೈಲನ್ನು ಎತ್ತಿ ಹಿಡಿದಿದ್ದ. ಯಾವ ಬೂತಿನಲ್ಲಿ ಯಾರಿಗೆ ಎಷ್ಟು ಎಂಬ ಪಟ್ಟಿ ಅದರಲ್ಲಿತ್ತು. ಅವನು ಓದಿದ್ದು ಪರಶುರಾಂಪುರದ ಕಡೆಯ ಒಂದು ಕಾಲೋನಿಯ ಬೂತಿನ ಲೆಕ್ಕ; ಆ ಬೂತಿನಲ್ಲಿ ಕಾಲೋನಿಯವರದಲ್ಲದೆ ಬೇರೆಯವರ ಓಟು ಒಂದೂ ಇರಲಿಲ್ಲ. ಬೀಜ ಆರಿಸಲು ಬಂದ ಇಪ್ಪತ್ತು ಹೆಂಗಸರೂ ಅದೇ ಕಾಲೋನಿಯವರು.

ಜೋಗಮ್ಮ ತಲೆ ತಗ್ಗಿಸಿಕೊಂಡು ಮುಂದೆ ಬಂದಳು. “ನಾನು ಹಾಕೀನಿ ಸಾವ್ಕಾರ್ರೇ.”

“ಕಂಕುಳದಾಗಿರೋ ಕೂಸಿನ ತಲೆ ಮುಟ್ಟಿ ಆಣೆ ಮಾಡು.”

ಅವಳ ಕೈ ಕೂಸಿನ ನೆತ್ತಿಯತನಕ ಹೋಗಿ ನಿಂತಿತು. ಇಳಿಯಲಿಲ್ಲ. ಮಲ್ಲಿಕಾರ್ಜುನಪ್ಪ ನಕ್ಕು, ಅವಳ ಕಾಲ ಬಳಿ ಉಗಿದ.

ಹಿಂದೆ ನಿಂತಿದ್ದ ಉಚ್ಚಂಗೆಮ್ಮ ನಿಜಕ್ಕೂ ಆ ಹನ್ನೊಂದರಲ್ಲಿ ಒಬ್ಬಳು. ಸೊಸೆಗೆ ಹೆರಿಗೆ ನೋವು ಬಂದ ದಿನ ಸಾವ್ಕಾರ ಜೀಪು ಕಳಿಸಿದ್ದ. ಆ ಋಣಕ್ಕೆ ಅವನ ತಮ್ಮನ ಗುರುತಿನ ಗುಂಡಿಯನ್ನೇ ಒತ್ತಿದ್ದಳು. ಅವಳು ಯಾರ ತಲೆ ಮುಟ್ಟಿಯಾದರೂ ಆಣೆ ಮಾಡಬಹುದಿತ್ತು. ಒಂದು ಹೆಜ್ಜೆ ಮುಂದಿಟ್ಟರೆ ಕೂಲಿ ಉಳಿಯುತ್ತಿತ್ತು. ಉಗುಳಿನ ಪಕ್ಕ ನಿಂತ ಜೋಗಮ್ಮನನ್ನು ನೋಡಿದಳು. ಅವಳ ರಟ್ಟೆ ಹಿಡಿದು, “ಬಾರೇ, ಹೋಗಾನ” ಎಂದು ಹೊರಗೆ ನಡೆದಳು. ಹಿಂದೆ ಒಬ್ಬರೂ ಉಳಿಯಲಿಲ್ಲ.

ಎಂಟು ದಿನ ಕಳೆದು ಚಳ್ಳಕೆರೆಯ ಸಭಾಂಗಣದಲ್ಲಿ ಸಭೆ. ಚುನಾವಣೆಯ ಪದ್ಧತಿ ಹೇಗೆ ಬದಲಾಗಬೇಕು, ಜನ ಬಂದು ಹೇಳಲಿ ಎಂದು ಆಟೋದಲ್ಲಿ ಮೈಕು ಕಟ್ಟಿ ಕೂಗಿಸಿದ್ದರು. ಕಾಲೋನಿಯ ಹೆಂಗಸರು ಬಸ್ಸು ಹತ್ತಿ ಬಂದರು. ಕುರ್ಚಿ ತುಂಬಿವೆ ಎಂದು ಅವರನ್ನು ಬಾಗಿಲ ಬಳಿ ನೆಲದಲ್ಲಿ ಕೂರಿಸಿದರು. ವೇದಿಕೆಯ ಮೇಲೆ, ಹೊರಗಿನಿಂದ ಬಂದ ಅಧಿಕಾರಿಯ ಪಕ್ಕ, ಹಾರ ಹಾಕಿಕೊಂಡು ಕೂತಿದ್ದವನು ಮಲ್ಲಿಕಾರ್ಜುನಪ್ಪ.

ಒಬ್ಬ ವಕೀಲ ಎಲ್ಲ ಚುನಾವಣೆಗಳೂ ಒಟ್ಟಿಗೆ ನಡೆಯಲಿ ಎಂದ. ರಿಟೈರಾದ ಮೇಷ್ಟ್ರೊಬ್ಬರು ಎದ್ದು, “ಹತ್ತನೇ ಕ್ಲಾಸು ಪಾಸಾಗದೋರಿಗೆ ಓಟೇ ಕೊಡಬಾರದು” ಎಂದರು. ಚಪ್ಪಾಳೆ ಬಿತ್ತು.

ಉಚ್ಚಂಗೆಮ್ಮ ನಡೆದುಬಂದು ವೇದಿಕೆ ಹತ್ತಿ ಮೈಕು ಹಿಡಿದಳು.

“ಸ್ವಾಮಿ, ಬೂತಿಗೊಂದು ಲೆಕ್ಕ ಹೇಳಬ್ಯಾಡ್ರಿ. ಮಿಲ್ಲಿನಾಗೆ ಹತ್ತೂರಿನ ಕಾಯಿ ಒಂದೇ ರಾಶಿಗೆ ಸುರಿತೀವಿ. ಆಮ್ಯಾಕೆ ಯಾವ ಹೊಲದ್ದು ಅಂತ ಯಾವನ್ಗೂ ಗೊತ್ತಾಗಲ್ಲ. ಓಟೂ ಹಂಗೇ ಸುರುದು ಎಣಿಸ್ರಿ. ಇಲ್ದಿದ್ರೆ ಈ ಸಾವ್ಕಾರ ನಮ್ಮ ಕೂಳು ಕಿತ್ಕಂತಾನೆ. ಕಿತ್ಕಂಡೂ ಆಗೈತೆ.”

ಅಧಿಕಾರಿ ಹಾಳೆ ತಿರುವಿದ. “ಅದು ನಮ್ಮ ಪ್ರಶ್ನೆಗಳಲ್ಲಿ ಇಲ್ಲಮ್ಮ.”

ಮಲ್ಲಿಕಾರ್ಜುನಪ್ಪ ಎದ್ದು ನಿಂತ. “ನೀನ್ಯಾರಿಗೆ ಹಾಕ್ದೆ, ಅದನ್ನ ಬೊಗಳು ಮೊದ್ಲು!”

ನಿನ್ನ ತಮ್ಮನಿಗೇ ಕಣೋ ಎಂಬ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು.

“ಹೇಳಲ್ಲ. ಅದು ನಂದು.”

ಮೈಕು ಬಂದ್ ಮಾಡಿದರು. ಅವಳು ಅಧಿಕಾರಿಯ ಮೇಜಿಗೆ ಕೈಯೂರಿ, “ನಾನಂದಿದ್ದು ಬರ್ಕಳ್ರಿ” ಎಂದಳು. ಅವನ ಪೆನ್ನು ಜೇಬು ಸೇರಿತು. ಉಚ್ಚಂಗೆಮ್ಮ ಅಲ್ಲೇ, ವೇದಿಕೆಯ ಮೇಲೆಯೇ, ಚಕ್ಕಳಮಕ್ಕಳ ಹಾಕಿ ಕೂತಳು. ಬಾಗಿಲ ಬಳಿಯ ಹೆಂಗಸರು ಎದ್ದು, ಕುರ್ಚಿಗಳನ್ನು ಸರಿಸಿಕೊಂಡು ಬಂದು ಅವಳ ಸುತ್ತ ಕೂರತೊಡಗಿದರು.

ಅಧಿಕಾರಿ ಪೊಲೀಸರಿಗೆ ಫೋನು ಮಾಡಿದ. ಎಷ್ಟು ಜನ ಎಂದು ಆ ಕಡೆಯಿಂದ ಕೇಳಿರಬೇಕು. ಅವನು ಬೆರಳು ತೋರಿಸುತ್ತಾ ಎಣಿಸತೊಡಗಿದ. ಎಣಿಸಿ ಮುಗಿಸುವಷ್ಟರಲ್ಲಿ ಮತ್ತಿಬ್ಬರು ಬಂದು ಕೂತರು.