ಕುಂತ ಕಮಾನು

ಬಾವಿಯಿಂದ ಹನ್ನೊಂದನೆಯ ಕೊಡ ಎಳೆದು ಹಿತ್ತಲ ಬಾಗಿಲಲ್ಲಿ ಇಡುವಷ್ಟರಲ್ಲಿ ಬಡಿಗೇರ ದ್ಯಾಮಣ್ಣನ ಅಂಗೈ ಹಗ್ಗಕ್ಕೆ ಸುಲಿದಿತ್ತು. ಒಳಗೆ ಮಕ್ತುಮಸಾಬ ಗೌಂಡಿಗೆ ಕೊನೆಯ ಸ್ನಾನ ಮಾಡಿಸುತ್ತಿದ್ದರು. ಮೂವತ್ತು ವರ್ಷ ಇಬ್ಬರೂ ಜೊತೆಗೂಡಿ ದುಡಿದವರು; ಅವನದು ಕಲ್ಲು, ಇವನದು ಕಟ್ಟಿಗೆ. ಸ್ನಾನ ಮಾಡಿಸುವುದು ಅವರವರಿಗೇ ಬಿಟ್ಟದ್ದು, ನೀರಾದರೂ ನನ್ನದಿರಲಿ ಎಂದು ಬೆಳಗಿನಿಂದ ದ್ಯಾಮಣ್ಣ ಯಾರಿಗೂ ಕೊಡ ಮುಟ್ಟಗೊಟ್ಟಿರಲಿಲ್ಲ.

ಹನ್ನೆರಡನೆಯದಕ್ಕೆ ಬಗ್ಗಿದಾಗ ಕೂಲಿಯಾಳುಗಳ ಮುಂದಾಳು ಬೀರಪ್ಪ ಬಂದ. ಮಣ್ಣಿಗೆ ಬಂದಿದ್ದನಾದರೂ ಮುಖ ಮಾತ್ರ ಕದ್ದು ಸಿಕ್ಕವನದು. ವಖಾರಿಯ ಹೆಬ್ಬಾಗಿಲಿನ ಕಮಾನನ್ನು ಇವತ್ತೇ ಇಳಿಸಬೇಕೆಂದು ಓವರ್ಸಿಯರ್ ಪಂಢರಿನಾಥರಾಯರು ಹುಕುಂ ಮಾಡಿದ್ದಾರಂತೆ. ಅಡ್ಡ ನಿಂತಿದ್ದ ಗೌಂಡಿಯೇ ಇಲ್ಲವಾದ ಮೇಲೆ ತಡವೇಕೆ? ಗಾಡಿಯಲ್ಲಿ ಕಬ್ಬಿಣದ ತೊಲೆಯೂ ಬಂದು ಬಿದ್ದಿದೆ.

"ಮಣ್ಣ ಆಗೂತನಕಾರ ತಡೀರಿ ಅಂದ್ನಿ," ಎಂದ ಬೀರಪ್ಪ. "ಮಧ್ಯಾಹ್ನದ ಮ್ಯಾಲ ಹಾರಿ ಹಚ್ರಿ ಅಂದಾರ."

ದ್ಯಾಮಣ್ಣನ ಕೈಯಿಂದ ಹಗ್ಗ ಜಾರಿ ಕೊಡ ಬಾವಿಗೆ ಬಿತ್ತು. ಆ ಕಮಾನಿಗೆ ಈ ಗತಿ ತಂದವನು ತಾನೇ ಎಂದು ಅವನಿಗೆ ಗೊತ್ತಿತ್ತು.

*

ಅದು ಅರಳೆ ಸಾಹುಕಾರರೊಬ್ಬರು ಮೂವತ್ತೆಂಟನೆಯ ಇಸವಿಯಲ್ಲಿ ಹತ್ತಿಯ ದಾಸ್ತಾನಿಗೆಂದು ಕಟ್ಟಿಸಲು ಹಿಡಿದ ವಖಾರಿ. ಹತ್ತಿ ಹೇರಿದ ಗಾಡಿ ಸಲೀಸಾಗಿ ಹೋಗುವಂಥ ಹೆಬ್ಬಾಗಿಲು, ಅದರ ಮೇಲೆ ಕಲ್ಲಿನ ಕಮಾನು. ದ್ಯಾಮಣ್ಣ ಕೆಳಗೆ ನಾಲ್ಕು ಕಂಬ ನಿಲ್ಲಿಸಿ, ಬುಡಕ್ಕೆ ಬೆಣೆ ಬಡಿದು, ಮರದ ಆಸರೆ ಕಟ್ಟಿದ. ಅದರ ಬೆನ್ನಿನ ಮೇಲೆ ಮಕ್ತುಮಸಾಬ ಎರಡೂ ಕಡೆಯಿಂದ ಕಲ್ಲು ಜೋಡಿಸುತ್ತ ಬಂದು ನೆತ್ತಿಯ ಕಲ್ಲು ಇಟ್ಟ. ಆಮೇಲೆ ಬೆಣೆಗಳನ್ನು ಒಂದೇ ಒಂದು ನೂಲಿನಷ್ಟು ಸಡಿಲಿಸಲು ಹೇಳಿದ. ಸಡಿಲಿಸಿದ್ದೇ ತಡ, ಕಲ್ಲುಗಳು ಒಂದನ್ನೊಂದು ಒತ್ತಿ ಹಿಡಿದವು. ಗೌಂಡಿ ಕಮಾನಿನ ಬೆನ್ನು ತಟ್ಟಿ, "ಕುಂತತು," ಅಂದ.

ಗೌಂಡಿಗಳ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಕಲ್ಲು ಕೂರಬೇಕು, ಚೌಕಟ್ಟು ಕೂರಬೇಕು, ಕಮಾನು ತನ್ನ ಜಾಗದಲ್ಲಿ ಅಲುಗದೆ ಕೂರಬೇಕು. ಆದರೆ ಅಲ್ಲೇ ನಿಂತು ಕೇಳಿದ ಪಂಢರಿನಾಥರಾಯರು ಪುಣೆಯ ಕಡೆಯವರು. ಕಟ್ಟಡದ ಹೆಸರುಗಳೆಲ್ಲ ಅವರಿಗೆ ಇಂಗ್ಲಿಷಿನಲ್ಲಿ ಬಾಯಿಪಾಠ. ಕನ್ನಡ ಮಾತ್ರ ಬಾಡಿಗೆ ಮನೆಯ ಓಣಿಯಲ್ಲಿ ಕಲಿತದ್ದು. ಹೋದ ಮಳೆಗಾಲ ಆ ಮನೆಯ ಹಿಂದಿನ ಗೋಡೆ ಕುಸಿದು ನೆಲಕ್ಕೆ ಹತ್ತಿದಾಗ "ಗ್ವಾಡಿ ಕುಂತತು, ಗ್ವಾಡಿ ಕುಂತತು" ಎಂದು ಓಣಿಯೇ ಬಾಯಿ ಮಾಡಿದ್ದನ್ನು ಅವರು ಚೆನ್ನಾಗಿ ಕಲಿತಿದ್ದರು. ಗೌಂಡಿಯ ಮಾತಿಗೆ ಗಾಬರಿಯಾಗಿ ದ್ಯಾಮಣ್ಣನತ್ತ ತಿರುಗಿ, ಇದು ನಿಜವೇ ಎಂದು ಕೇಳಿದರು.

"ಹೌದ್ರೀ ಸಾಹೇಬ್ರ," ಎಂದ ದ್ಯಾಮಣ್ಣ, ಎದೆಯುಬ್ಬಿಸಿ. "ಭಾಳ ಛಲೋ ಕುಂತೈತ್ರಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕಮಾನು ಕುಸಿದಿದೆ, ಬಡಿಗನೂ ಒಪ್ಪಿದ್ದಾನೆ ಎಂದು ರಾಯರು ಪುಸ್ತಕದಲ್ಲಿ ಬರೆದು ಸಾಹುಕಾರರಿಗೆ ತೋರಿಸಿದರು. ಸಾಹುಕಾರರೋ, ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು. ಕಲ್ಲು ತೆಗೆದು ಕಬ್ಬಿಣ ಹಾಕಿ ಎಂದುಬಿಟ್ಟರು. ಮಕ್ತುಮಸಾಬ ಓವರ್ಸಿಯರರ ಮನೆಗೇ ಹೋಗಿ ಮಾತಿನ ಎರಡೂ ಅರ್ಥ ಬಿಡಿಸಿ ಹೇಳಿದ. ರಾಯರಿಗೆ ತಿಳಿಯಿತೆಂದೇ ದ್ಯಾಮಣ್ಣನ ನಂಬಿಕೆ. ತಿಳಿದರೂ ಬರೆದದ್ದನ್ನು ಹೊಡೆದುಹಾಕಲು ಅವರ ಕೈ ಏಳಲಿಲ್ಲ. ಮನುಷ್ಯ ಕೆಟ್ಟವರಲ್ಲ, ಅಂಜುಬುರುಕರು.

"ನನ್ನ ಕೈಲೆ ಇಳಸೂದಿಲ್ರಿ," ಅಂದ ಗೌಂಡಿ. "ನಲವತ್ತು ದಿನಕ್ಕ ಸುಣ್ಣದ ಗಚ್ಚು ಗಟ್ಟಿ ಆಕ್ಕೈತಿ. ಆಸರಿ ತಗಸ್ತೇನಿ, ಬುಡಕ ನಾನ ನಿಂದರತೇನಿ. ಬಿದ್ರ ನನ್ನ ಮ್ಯಾಲ ಬೀಳಲಿ."

ಅದೇನೂ ಸಿಟ್ಟಿಗೆ ಹುಟ್ಟಿದ ಶಪಥವಲ್ಲ. ತಾನು ಕಟ್ಟಿದ ಪ್ರತಿಯೊಂದು ಕಮಾನಿನ ಆಸರೆ ಇಳಿಸುವಾಗಲೂ ಅವನು ಅದರ ಬುಡದಲ್ಲಿ ಎಲೆಯಡಿಕೆ ಜಗಿಯುತ್ತ ನಿಂತವನೇ. ಈ ಸಲ ಮಾತ್ರ ಮೂವತ್ತನಾಲ್ಕನೆಯ ದಿನಕ್ಕೆ ಜ್ವರ ಅವನನ್ನು ಒಯ್ದಿತು.

*

ಕಫನ್ ಹೊದಿಸಿ ಮಯ್ಯತ್ತನ್ನು ಅಂಗಳಕ್ಕೆ ತಂದಾಗ ದ್ಯಾಮಣ್ಣ ಒಳಬಾಗಿಲಿಗೆ ಹೋಗಿ ಗೌಂಡಿಯ ಹೆಂಡತಿ ಮಾಬೂಬಿಗೆ ಎಲ್ಲ ಹೇಳಿದ. ತನ್ನ ನಾಲಿಗೆಯಿಂದಲೇ ಇದಾಯಿತೆಂದು ತಲೆ ತಗ್ಗಿಸಿದ. ಇವತ್ತು ಕಮಾನು ಇಳಿಸಿದರೆ ನಾಳೆ ಊರೆಲ್ಲ ಮಕ್ತುಮಸಾಬನನ್ನು ಕುಸಿದ ಕಮಾನಿನ ಗೌಂಡಿ ಅನ್ನುತ್ತದೆ. ಮೂವತ್ತು ವರ್ಷ ಕಟ್ಟಿ ನಿಲ್ಲಿಸಿದ್ದು ಯಾರಿಗೂ ನೆನಪಿರುವುದಿಲ್ಲ.

ಅತ್ತು ಅತ್ತು ಮಾಬೂಬಿಯ ದನಿ ಒಡೆದಿತ್ತು. "ಎಲ್ಲಾ ಕಮಾನಿನ ಬುಡಕೂ ನಿಂತಾರ," ಅಂದಳು. "ಇದೊಂದರ ಬುಡಕ ನಿಂದರದ ಹೋಗೂದು ಬ್ಯಾಡ. ಆ ದಾರಿ ಹಿಡದ ಒಯ್ರಿ, ದ್ಯಾಮಣ್ಣ."

ಅಳಿಯ ಮೌಲಾಲಿ ಹೌಹಾರಿದ. ಸತ್ತವರನ್ನು ದಾರಿಯಲ್ಲಿ ತಡೆಯಬಾರದು ಎಂದ. ಗಚ್ಚಿಗೆ ಇನ್ನೂ ಆರು ದಿನ ಬೇಕು ಎಂದ. ಅದೂ ಖರೆಯೇ, ದ್ಯಾಮಣ್ಣನಿಗೂ ಅದೇ ಅಂಜಿಕೆ.

"ಮಯ್ಯತ್ ಮ್ಯಾಲ ಕಲ್ಲು ಬಿದ್ರ ಏನ್ ಮಾಡೂದು, ಅತ್ತಿ?" ಎಂದ ಮೌಲಾಲಿ.

"ಬಿದ್ರ ಅಲ್ಲೇ ಮಣ್ಣ ಮಾಡ್ರಿ," ಎಂದಳು ಮಾಬೂಬಿ.



*

ಮಸೀದಿಯಲ್ಲಿ ನಮಾಜು ಮುಗಿಸಿ ಹೊರಟ ಜನಾಜಾ ಕಬರಸ್ತಾನಕ್ಕೆ ಹೋಗುವ ದುರ್ಗದಬೈಲಿನ ದಾರಿ ಬಿಟ್ಟು ವಖಾರಿಯ ಕಡೆ ಹೊರಳಿತು. ಮನೆಗೆ ಓಡಿ ಬೆಣೆ ಬಡಿಯುವ ಕೊಡತಿ ತಂದಿದ್ದ ದ್ಯಾಮಣ್ಣ ಎಲ್ಲರಿಗಿಂತ ಮುಂದಿದ್ದ. ಬರುತ್ತಿರುವುದೇನೆಂದು ಪಂಢರಿನಾಥರಾಯರಿಗೆ ತಿಳಿಯುವ ಮೊದಲೇ ಮೌಲಾಲಿ ಮತ್ತು ಉಳಿದ ಮೂವರು ಆಸರೆಯ ಕಂಬಗಳ ನಡುವೆ, ಕಮಾನಿನ ಬುಡದಲ್ಲಿ, ಜನಾಜಾ ಹೊತ್ತು ನಿಂತುಬಿಟ್ಟರು. ರಾಯರು ಕೈ ಅಡ್ಡ ಮಾಡಿ ಓಡಿಬಂದರು. ಬಿದ್ದರೆ ಜವಾಬ್ದಾರರು ಯಾರು ಎಂದು ಕೇಳಿದರು.

"ಜವಾಬ್ದಾರ ಬಂದ ಬುಡಕ ನಿಂತಾನಲ್ರಿ," ಎಂದ ದ್ಯಾಮಣ್ಣ. ಬದುಕಿನಲ್ಲಿ ಮೊದಲ ಸಲ ಅವನು ಓವರ್ಸಿಯರ್ ಒಬ್ಬರ ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದ.

ಕೆಳಗೆ ಕೂತು ಬೆಣೆಗೆ ಒಂದು ಪೆಟ್ಟು ಕೊಟ್ಟ. ಒಂದೇ ಬೆಣೆಯನ್ನು ಪೂರ್ತಿ ಕಿತ್ತರೆ ಆಸರೆ ವಾಲುತ್ತದೆ. ಆದ್ದರಿಂದ ಕಂಬದಿಂದ ಕಂಬಕ್ಕೆ ಸುತ್ತುತ್ತ ಒಂದೊಂದಕ್ಕೆ ಒಂದೊಂದೇ ಪೆಟ್ಟು. ಮೂರನೆಯ ಸುತ್ತಿಗೆ ಮೇಲಿನಿಂದ ಕರಕರ ಸದ್ದು ಬಂತು. ಒಂದಿಷ್ಟು ಸುಣ್ಣದ ಪುಡಿ ಉದುರಿತು. ಮೌಲಾಲಿ ಕಣ್ಣು ಮುಚ್ಚಿದ, ಹೆಗಲು ಮಾತ್ರ ಅಲುಗಿಸಲಿಲ್ಲ. ದ್ಯಾಮಣ್ಣನ ಸುಲಿದ ಅಂಗೈಯ ರಕ್ತ ಕೊಡತಿಯ ಹಿಡಿಗೆ ಹತ್ತಿತ್ತು. ನಾಲ್ಕನೆಯ ಸುತ್ತಿಗೆ ಆಸರೆ ನಾಲ್ಕು ಬೆರಳು ಕೆಳಗಿಳಿಯಿತು. ಕಲ್ಲಿಗೂ ಮರಕ್ಕೂ ನಡುವೆ, ಈ ತುದಿಯಿಂದ ಆ ತುದಿಯವರೆಗೆ, ಬೆಳಕು ಕಂಡಿತು.

ಕಮಾನು ಕೂತಲ್ಲೇ ಕೂತಿತ್ತು.

ಹುಕುಮಿನಂತೆ ಹಾರೆ ಹಿಡಿದು ನಿಂತಿದ್ದ ಬೀರಪ್ಪ ಅದನ್ನು ಗೋಡೆಗೆ ಆನಿಸಿ, ಕೈ ಒರೆಸಿಕೊಂಡು ಬಂದು ಜನಾಜಾಕ್ಕೆ ಹೆಗಲು ಕೊಟ್ಟ. ಅವನ ಹಿಂದೆ ಆಳುಗಳೂ ಒಬ್ಬೊಬ್ಬರಾಗಿ ಬುಡಕ್ಕೆ ಬಂದರು. ಇನ್ನು ಹೊರಡೋಣವೇ ಎಂದು ಹಿಂದಿನಿಂದ ಯಾರೋ ಕೇಳಿದ್ದಕ್ಕೆ ದ್ಯಾಮಣ್ಣ ತಡೆಯಿರಿ ಎಂದು ಕೈ ಮಾಡಿದ.

"ಕುಂತೈತ್ರಿ ಸಾಹೇಬ್ರ," ಎಂದ. "ನೀವೂ ಬರ್ರಿ. ಬುಡಕ ನಿಂತ ನೋಡಿ ಬರಕೋರ್ರಿ."

ಪಂಢರಿನಾಥರಾಯರು ಪುಸ್ತಕವನ್ನು ಕಂಕುಳಲ್ಲಿ ಅವುಚಿಕೊಂಡು ನೆತ್ತಿಯ ಬಿಸಿಲಿನಲ್ಲಿ ನಿಂತೇ ಇದ್ದರು. ಎರಡು ಮಾರು ಆಚೆ, ಕಮಾನಿನ ನೆರಳಿನಲ್ಲಿ, ಹೊತ್ತವರೂ ಹೆಗಲ ಮೇಲಿದ್ದವನೂ ಅವರ ದಾರಿ ಕಾಯುತ್ತಿದ್ದರು.